ಅರವತ್ತು ಪಟ್ಟು ಹತ್ತಿರ

"ಅದನ್ನ ಮಾತ್ರ ತಗೋಬೇಡಿ!"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಸಮತಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕ್ಯಾಮೆರಾ ಜಾರುವುದರಲ್ಲಿತ್ತು... ಅಂಗಡಿಯ ಷಣ್ಮುಖಪ್ಪನವರಿಗೆ ಜೀವ ಬಾಯಿಗೆ ಬಂತು.

ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ ಅವರದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಳ ಪುಟ್ಟ ಅಂಗಡಿ. ಗಾಜಿನ ಕೌಂಟರ್ ಮೇಲೆ ಆ ದಿನ ಇದ್ದದ್ದು ಎರಡೇ. ಒಂದು ಡಿಎಸ್ಎಲ್ಆರ್, ಹೊಸದಾಗಿ ಕಲಿಯುವವರು ಕೊಳ್ಳುವಂಥದ್ದು, ಜೊತೆಗೊಂದು ಚಿಕ್ಕ ಲೆನ್ಸ್. ಇನ್ನೊಂದು ಸೂಪರ್‌ಜೂಮ್. ಅದರ ಲೆನ್ಸ್ ಬದಲಿಸುವ ಹಾಗಿಲ್ಲ, ಆದರೆ ದೂರದ್ದನ್ನು ಅರವತ್ತು ಪಟ್ಟು ಹತ್ತಿರಕ್ಕೆ ಎಳೆದು ತರುತ್ತದೆ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅದನ್ನಿಟ್ಟು ಇದನ್ನೆತ್ತಿ, ಇದನ್ನಿಟ್ಟು ಅದನ್ನೆತ್ತಿ ಸಮತಾ ಆಗಲೇ ಷಣ್ಮುಖಪ್ಪನವರ ತಾಳ್ಮೆಯನ್ನು ಅರ್ಧ ಕರಗಿಸಿದ್ದಳು.

ತಿರುಗಿ ನೋಡಿದಳು. ಉದ್ದಕ್ಕಿದ್ದ, ಅಂಗಿಯ ತೋಳಿಗೆ ನೀಲಿ ಬಣ್ಣ ಮೆತ್ತಿಕೊಂಡಿದ್ದ ಒಬ್ಬ ಯುವಕ.

"ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ. ಆದ್ರೆ ಅದರ ಸೆನ್ಸರ್ ತುಂಬಾ ಚಿಕ್ಕದು ಮಾರಾಯ್ರೆ. ಸಂಜೆ ಬೆಳಕಲ್ಲಿ ತೆಗೆದ್ರೆ ಫೋಟೋ ಮೇಲೆ ರವೆ ಚೆಲ್ಲಿದಂಗೆ ಬರುತ್ತೆ. ಡಿಎಸ್ಎಲ್ಆರ್ ತಗೊಳ್ಳಿ. ಮುಖ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ?"

"ನನಗೆ ಮುಖ ಬೇಡ, ಹಕ್ಕಿ ಬೇಕು! ಈ ಪುಟಾಣಿ ಲೆನ್ಸ್ ಹಿಡ್ಕೊಂಡು ಹತ್ರ ಹೋದ್ರೆ ಹಕ್ಕಿ ಕೂತು ಪೋಸ್ ಕೊಡುತ್ತಾ?"

"ಹಕ್ಕಿ ಹಾರಿ ಹೋಗ್ಲಿ ಬಿಡಿ. ಮನುಷ್ಯರ ಹತ್ರ ಹೋಗಿ."

"ಮನುಷ್ಯರ ಹತ್ರ ಹೋದ್ರೆ ಹೀಗೇ... ಕೇಳದೆ ಬುದ್ಧಿ ಹೇಳ್ತಾರೆ!"

ಷಣ್ಮುಖಪ್ಪ ಮೀಸೆಯಡಿ ನಕ್ಕರು. ಸಮತಾ ಸೂಪರ್‌ಜೂಮನ್ನೇ ಕೊಂಡಳು. ಅವಳು ಮೆಟ್ಟಿಲಿಳಿಯುವಾಗ ಆ ಯುವಕ ಉಳಿದ ಡಿಎಸ್ಎಲ್ಆರ್‌ಗೆ ಚೌಕಾಸಿ ಮಾಡುತ್ತಿದ್ದ.

ಹಠಕ್ಕೆ ಬಿದ್ದು ಕೊಂಡಳು ಅಂತ ನೀವು ಅಂದುಕೊಂಡರೆ ಅದು ಅರ್ಧ ಮಾತ್ರ ನಿಜ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಈ ಹುಡುಗಿ ದಿನಾ ಬಸ್ ಹಿಡಿದು ಶಿವಮೊಗ್ಗಕ್ಕೆ ಬಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತಿದ್ದಳು. ಕೆಲಸ ಮುಗಿದರೆ ಮನುಷ್ಯರಿಂದ ನಾಲ್ಕು ಮಾರು ದೂರ. ಮದುವೆಮನೆಯಲ್ಲೂ ಬಾಗಿಲ ಪಕ್ಕದ ಕುರ್ಚಿಯೇ ಅವಳದು. ದೂರ ನಿಂತು, ಯಾರ ಕಣ್ಣಿಗೂ ಬೀಳದೆ ನೋಡುವುದು ಅವಳಿಗೆ ಹಿತವಾಗಿತ್ತು.

ಮುಂದಿನ ವಾರ ತ್ಯಾವರೆಕೊಪ್ಪದ ಸಫಾರಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವನು ಯಾರು ಹೇಳಿ? ಅವನೇ!

ಹುಲಿ ದೂರದ ಬಿದಿರಿನ ನೆರಳಿನಲ್ಲಿ ಮಲಗಿತ್ತು. ಅವನ ಕ್ಯಾಮೆರಾದಲ್ಲಿ ಅದೊಂದು ಹಳದಿ ಚುಕ್ಕೆ. ಅವಳ ಕ್ಯಾಮೆರಾದಲ್ಲಿ ಅದರ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಅವನು ಕತ್ತು ಉದ್ದ ಮಾಡಿದ. ಅವಳು ಕಂಡೂ ಕಾಣದವಳ ಹಾಗೆ ಕೂತಳು.

"ಒಂದ್ಸಲ ತೋರ್ಸಿ... ಪ್ಲೀಸ್."

"ಮುಖ ಚೆನ್ನಾಗಿ ಬಂದಿಲ್ಲ, ಬೇಡ."

ಅವನು ಗೊಳ್ಳನೆ ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. ಹೆಸರು ಚಂದ್ರಹಾಸ, ಹೊಳಲೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಎಂದು ಬಸ್ಸಿಳಿಯುವ ಹೊತ್ತಿಗೆ ಗೊತ್ತಾಯಿತು.

ಆಮೇಲಿನ ಭಾನುವಾರಗಳೆಲ್ಲ ಹೊಳಲೂರಿನ ಹೊಳೆಯ ದಂಡೆಯಲ್ಲಿ ಕಳೆದವು. ಅವಳು ಹಕ್ಕಿಗಳನ್ನು ತೆಗೆಯುತ್ತಿದ್ದಳು. ಅವನು ಹುಲ್ಲು ಹೊತ್ತು ಬರುವ ಅಜ್ಜಿಯರನ್ನು ಮಾತಾಡಿಸಿ, ನಗಿಸಿ, ಒಂದು ಮೊಳ ದೂರದಿಂದ ಅವರ ಮುಖ ತೆಗೆಯುತ್ತಿದ್ದ. 'ಜನ ಇವನನ್ನು ಇಷ್ಟು ಹತ್ತಿರ ಹೇಗೆ ಬಿಟ್ಟುಕೊಳ್ತಾರೆ?' ಎಂದು ಅವಳಿಗೆ ಆಶ್ಚರ್ಯ. ತಾನೂ ಬಿಟ್ಟುಕೊಂಡಾಗಿದೆ ಎಂದು ತಿಳಿಯಲು ಸ್ವಲ್ಪ ತಡವಾಯಿತು. ಸಮತಾಗೆ ಅವನೆಂದರೆ ಇಷ್ಟ... ತುಂಬಾ ಇಷ್ಟ!

ಒಂದು ಸಂಜೆ ಅವನು ಹೇಳಿದ: "ಮುಂದಿನ ಭಾನುವಾರ ನಿಮಗೊಂದು ವಿಷಯ ಹೇಳ್ಬೇಕು. ಕೇಳಿ ಓಡಿ ಹೋಗಲ್ಲ ಅಂತ ಮಾತು ಕೊಡಿ."

"ವಿಷಯ ಏನು ಅಂತ ಗೊತ್ತಾಗದೆ ಹೇಗೆ ಮಾತು ಕೊಡ್ಲಿ?" ಎಂದು ಅವಳು ನಕ್ಕು ಸ್ಕೂಟಿ ಹತ್ತಿದ್ದಳು. ಭದ್ರಾವತಿ ತಲುಪುವವರೆಗೂ ಆ ನಗು ಮುಖದಿಂದ ಇಳಿಯಲಿಲ್ಲ.

ಭಾನುವಾರ ಅವನಿಗೆ ಹೇಳದೆ ಬೇಗ ಹೊರಟು ಹೊಳೆಯ ಆಚೆ ದಡಕ್ಕೆ ಹೋದಳು. ಅವನು ತನಗಾಗಿ ಕಾಯುವುದನ್ನು ಕದ್ದು ನೋಡುವ ಆಸೆ. ಕ್ಯಾಮೆರಾ ಎತ್ತಿ ಜೂಮ್ ಪೂರ್ತಿ ಎಳೆದಳು. ಚಂದ್ರಹಾಸ ಕಂಡ. ನೀರಂಚಿನಲ್ಲಿ ನಿಂತಿದ್ದ, ನಗುತ್ತಿದ್ದ. ಅಂಥ ನಗುವನ್ನು ಅವನ ಮುಖದಲ್ಲಿ ಅವಳು ಎಂದೂ ನೋಡಿರಲಿಲ್ಲ.

ಮತ್ತೆ... ಅವನ ಭುಜಕ್ಕೆ ಭುಜ ತಾಗಿಸಿ ಹಳದಿ ಸೀರೆಯ ಹೆಣ್ಣೊಬ್ಬಳು! ಅವನ ಕಡೆ ಮುಖ ತಿರುಗಿಸಿ ಅವಳೂ ನಗುತ್ತಿದ್ದಳು.

ಬೆರಳು ತಾನಾಗಿ ಬಟನ್ ಒತ್ತಿತು. ಕಣ್ಣು ಮಂಜಾಯಿತು. 'ಹೇಳ್ಬೇಕು ಅಂದಿದ್ದ ವಿಷಯ ಇದೇನಾ? ಇವಳ ವಿಷಯನಾ?' ಸ್ಕೂಟಿ ತಿರುಗಿಸಿದವಳು ಮನೆ ಬರುವವರೆಗೂ ಅಳುತ್ತಲೇ ಇದ್ದಳು.

ಅವನ ನಂಬರ್ ಬ್ಲಾಕ್ ಮಾಡಿದಳು. ಒಮ್ಮೆ ಅವನು ಲ್ಯಾಬಿಗೇ ಬಂದ. ಸಹೋದ್ಯೋಗಿ ಕವನಾಳಿಂದ "ಅವಳು ರಜೆ" ಎಂದು ಹೇಳಿಸಿ ಒಳಗಿನ ಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಅವನು ಮತ್ತೆ ಬರಲಿಲ್ಲ. 'ಬರಬಾರದು ಅಂತ ತಾನೇ ಅಡಗಿದ್ದು? ಮತ್ತೆ ಬಾಗಿಲು ತೆರೆದಾಗಲೆಲ್ಲ ಯಾಕೆ ಹೀಗೆ ಎದೆ ಹೊಡ್ಕೊಳ್ಳುತ್ತೆ?'

ಐದು ತಿಂಗಳು ಕಳೆದವು. ಆ ಫೋಟೋವನ್ನು ಅವಳು ಅಳಿಸಲಿಲ್ಲ. ಸ್ಕ್ರೀನಿನ ಮೇಲೆ ಹೆಬ್ಬೆರಳಿಟ್ಟು ಹಳದಿ ಸೀರೆಯನ್ನು ಮುಚ್ಚಿ, ಉಳಿದ ಅವನ ನಗುವನ್ನಷ್ಟೇ ನೋಡುತ್ತಿದ್ದಳು. ಹೆಬ್ಬೆರಳು ತೆಗೆಯಲು ಭಯವಾಗುತ್ತಿತ್ತು.

"ತರೀಕೆರೆ ಕಡೆಯವರು ಭಾನುವಾರ ನೋಡೋಕೆ ಬರ್ತೀವಿ ಅಂದಿದಾರೆ. ಹುಡುಗ ಕೆಇಬಿಲಿದಾನೆ. ಹೂಂ ಅನ್ಲೇನೇ?" ಎಂದು ಅಮ್ಮ ಜಲಜಮ್ಮ ಕೇಳಿದರು.

"ನಿನ್ನಿಷ್ಟ ಅಮ್ಮ."

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನು ಆ ಕ್ಯಾಮೆರಾ ತನ್ನ ಬಳಿ ಇರಬಾರದು ಅನ್ನಿಸಿತು. ಫೋನ್ ಮಾಡಿದಾಗ ಷಣ್ಮುಖಪ್ಪ, "ಕೊಡಮ್ಮ, ತಗೋತೀನಿ. ಲೆನ್ಸ್ ಹೆಂಗಿದೆ ಅಂತ ಫುಲ್ ಜೂಮ್‌ನಲ್ಲಿ ಒಂದೆರಡು ಫೋಟೋ ತೆಗೆದು ಕಳ್ಸು" ಎಂದರು.

ಶನಿವಾರ ಬೆಳಗ್ಗೆ ಸಮತಾ ಕ್ವಾರ್ಟರ್ಸ್ ರಸ್ತೆಯ ತುದಿಗೆ ಹೋಗಿ ನಿಂತಳು. ಜೂಮ್ ಪೂರ್ತಿ ಎಳೆದು ಮನೆಯ ಕಡೆಗೆ ತಿರುಗಿಸಿ ಒಂದು ಫೋಟೋ ತೆಗೆದಳು. ಮನೆಗೆ ಬಂದು ಮೊಬೈಲಿಗೆ ಹಾಕಿಕೊಳ್ಳುವಾಗ ಅಮ್ಮ ಹೆಗಲ ಮೇಲಿಂದ ಇಣುಕಿದರು.

"ಅಯ್ಯೋ! ಇದೇನೇ ಇದು? ನಾನು ಯಾವಾಗ ಆ ಬಂಗಾರಮ್ಮನ ಪಕ್ಕ ನಿಂತಿದ್ದೆ?"

ಫೋಟೋದಲ್ಲಿ ಜಲಜಮ್ಮ ಮತ್ತು ಅದೇ ಬೀದಿಯ ಬಂಗಾರಮ್ಮ ಅಕ್ಕತಂಗಿಯರ ಹಾಗೆ ತೋಳಿಗೆ ತೋಳು ತಾಗಿಸಿ ನಿಂತಿದ್ದರು. ನುಗ್ಗೆಮರದ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟ ಈ ಇಬ್ಬರು ಒಂದೇ ಆಟೋ ಕೂಡ ಹತ್ತುತ್ತಿರಲಿಲ್ಲ!

"ನಿಂತಿದೀಯಲ್ಲಮ್ಮ, ಫೋಟೋದಲ್ಲೇ ಇದೆ."

"ಸುಟ್ಟಿತು ನಿನ್ನ ಫೋಟೋ! ನಾನಿದ್ದಿದ್ದು ನಮ್ಮ ಗೇಟಲ್ಲಿ. ಅವಳು ಅಲ್ಲೆಲ್ಲೋ ಬೋರ್‌ವೆಲ್ ಹತ್ರ. ಅವಳ ಗಾಳಿ ಸೋಕೋಷ್ಟು ಹತ್ರ ಹೋಗ್ತೀನಾ ನಾನು? ಸುಳ್ಳು ಹೇಳುತ್ತೆ ನಿನ್ನ ಕ್ಯಾಮೆರಾ!"

ಸಮತಾ ಗೇಟಿನ ಕಡೆ ನೋಡಿದಳು. ಬೋರ್‌ವೆಲ್ ಕಡೆ ನೋಡಿದಳು. ನಡುವೆ ಎಂಟು ಮನೆಗಳಿದ್ದವು.

ಆ ಹಳೆಯ ಫೋಟೋ ತೆರೆದು, ಐದು ತಿಂಗಳಲ್ಲಿ ಮೊದಲ ಸಲ ಹಳದಿ ಸೀರೆಯನ್ನೇ ದಿಟ್ಟಿಸಿ ನೋಡಿದಳು. ಚಂದ್ರಹಾಸನ ಪಾದ ನೀರಿನಲ್ಲಿತ್ತು. ಆ ಹೆಂಗಸಿನ ಪಾದದ ಕೆಳಗೆ ಒಣಗಿದ ಹುಲ್ಲು. ನೀರಿನಿಂದ ಅಷ್ಟು ದೂರ, ದಂಡೆಯ ಮೇಲುಗಡೆ ಮಾತ್ರ ಬೆಳೆಯುವ ಹುಲ್ಲು. ದೂರವನ್ನೆಲ್ಲ ನುಂಗಿ ಜೂಮ್ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿತ್ತು. ಅವರಿಬ್ಬರೂ ಎಂದೂ ಅಕ್ಕಪಕ್ಕ ನಿಂತಿರಲೇ ಇಲ್ಲ!

'ಅಯ್ಯೋ... ನಾನೇನು ಮಾಡ್ಬಿಟ್ಟೆ?'

"ಅಮ್ಮಾ, ತರೀಕೆರೆಯವರಿಗೆ ಬರ್ಬೇಡಿ ಅಂತ ಫೋನ್ ಮಾಡು."

"ಏನಾಯ್ತೇ ನಿಂಗೆ ಮಾರಾಯ್ತಿ? ಬೇರೆ ಯಾರಾದ್ರೂ ಇದಾರಾ?"

"ಇದ್ರು. ಈಗಲೂ ಇದಾರೋ ಇಲ್ವೋ ಗೊತ್ತಿಲ್ಲ ಅಮ್ಮ. ಕೇಳ್ಕೊಂಡು ಬರ್ತೀನಿ."

ಶನಿವಾರ ಅರ್ಧ ದಿನದ ಶಾಲೆ. ಸಮತಾ ಹೊಳಲೂರು ತಲುಪಿದಾಗ ಮಕ್ಕಳೆಲ್ಲ ಹೋಗಿಯಾಗಿತ್ತು. ಚಂದ್ರಹಾಸ ಜಗಲಿಯ ಮೇಲೆ ಮಕ್ಕಳ ಚಿತ್ರಗಳನ್ನು ಒಣಗಲು ಹರಡಿ ಹಾಳೆ ಹಾರದಂತೆ ಕಲ್ಲಿಡುತ್ತಿದ್ದ. ತೆಳ್ಳಗಾಗಿದ್ದ. ಅವಳನ್ನು ಕಂಡಾಗ ಕೈಯಲ್ಲಿದ್ದ ಕಲ್ಲು ಕೈಯಲ್ಲೇ ಉಳಿಯಿತು.

ಅವಳು ಕ್ಯಾಮೆರಾ ಮುಂದೆ ಹಿಡಿದಳು. ಫೋಟೋ ತೋರಿಸಿದಳು. ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ಅವನು ಬಹಳ ಹೊತ್ತು ಸ್ಕ್ರೀನನ್ನೇ ನೋಡಿದ.

"ಯಾರಿದು?"

"ನಂಗೇನು ಗೊತ್ತು? ನಿಮ್ಮ ಪಕ್ಕ ಇದ್ದೋರು."

"ನನ್ನ ಹಿಂದೆ ಯಾರಿದ್ರು ಅಂತ ನಾನ್ಯಾಕೆ ನೋಡ್ಲಿ?" ಅವನ ದನಿ ಒಡೆಯಿತು. "ಐದು ತಿಂಗಳು ಸಮತಾ... ಒಂದು ಮಾತು ಕೇಳ್ಬಹುದಿತ್ತಲ್ವಾ? ನಾನು ಹೇಳೋದು ಏನು ಅಂತ ನಿಮಗೆ ಗೊತ್ತಾಗಿ, ಇಷ್ಟ ಇಲ್ದೆ ಓಡಿ ಹೋದ್ರಿ ಅಂದ್ಕೊಂಡೆ."

"ಕೇಳೋಕೆ ಭಯ ಆಯ್ತು. ನೀವು ಹೌದು ಅಂದ್ಬಿಟ್ರೆ... ಆಮೇಲೆ ನಾನು ಎಲ್ಲಿಗೆ ಹೋಗ್ಲಿ?"

ಅವನು ಮೊಬೈಲ್ ತೆಗೆದು ಅವಳ ಮುಂದೆ ಹಿಡಿದ. ಹೊಳೆಯ ಫೋಟೋ. ಅಗಲಕ್ಕೆ ನೀರು, ಆಚೆ ದಡ, ದಡದ ಮೇಲೆ ಸಾಸಿವೆ ಕಾಳಿನಷ್ಟು ಒಂದು ನೀಲಿ ಚುಕ್ಕೆ.

"ಆ ದಿನ ಕ್ಯಾಮೆರಾದಲ್ಲಿ ತೆಗೆದು ಇದಕ್ಕೆ ಹಾಕ್ಕೊಂಡಿದ್ದು. ನನ್ನ ಲೆನ್ಸಿಗೆ ಇಷ್ಟೇ ಸಿಕ್ಕಿದ್ದು. ಆದ್ರೂ ಗುರುತು ಸಿಕ್ತು. ಕ್ಯಾಮೆರಾ ಹಿಡಿದಾಗ ಕೊಕ್ಕರೆ ಥರ ಒಂದು ಕಾಲು ಮಡಚಿ ನಿಲ್ಲೋದು ನೀವೊಬ್ಬರೇ. ಕೈ ಬೀಸೋಣ ಅನ್ನೋಷ್ಟರಲ್ಲಿ ಹೊರಟುಹೋದ್ರಿ."

ಸಮತಾ ತನ್ನ ಕ್ಯಾಮೆರಾದಲ್ಲಿದ್ದ ಅವನ ನಗುವನ್ನು ನೋಡಿದಳು. ಐದು ತಿಂಗಳು ಬೇರೊಬ್ಬಳದೆಂದು ಹೆಬ್ಬೆರಳಡಿ ಕದ್ದು ಕದ್ದು ನೋಡಿದ್ದ ಆ ನಗು...

"ಇದು... ನನ್ನ ನೋಡಿ ನಕ್ಕಿದ್ದಾ?"

"ಇನ್ಯಾರನ್ನ ನೋಡಿ ನಗ್ಲಿ?"

ಅವಳು ಜಗಲಿಯ ಕಂಬಕ್ಕೆ ಒರಗಿ ಅತ್ತಳು. ಅವನು ಅವಳನ್ನು ಅಳಲು ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕಣ್ಣೊರೆಸಿಕೊಂಡು ನೇರವಾಗಿ ಅವನನ್ನು ನೋಡಿದಳು.

"ನಂಗೆ ನೀವಂದ್ರೆ ತುಂಬಾ ಇಷ್ಟ. ಇನ್ಮೇಲೆ ಏನಿದ್ರೂ ಹತ್ರ ಬಂದು ಕೇಳ್ತೀನಿ. ನೀವು ಹೇಳ್ಬೇಕು ಅಂದಿದ್ದ ವಿಷಯ... ಇನ್ನೂ ಇದೆಯಾ?"

"ಇದೆ." ಅವನ ಕಣ್ಣು ತುಂಬಿತ್ತು. "ಅದೇ ವಿಷಯ, ಹಾಗೇ ಇದೆ. ಹೇಳೋಕೆ ಮುಂಚೆ ಒಂದು ಫೋಟೋ ತೆಗೀಲಾ? ಈ ಮುಖ ಸಾಸಿವೆ ಕಾಳಿನಷ್ಟು ನೋಡಿ ನೋಡಿ ಸಾಕಾಗಿದೆ."

ಒಳಗಿನಿಂದ ಡಿಎಸ್ಎಲ್ಆರ್ ತಂದು ಕಣ್ಣಿಗೆ ಹಿಡಿದ.

"ಒಂದು ಹೆಜ್ಜೆ ಮುಂದೆ ಬಾ."

ಮೊದಲ ಸಲ ಅವನು 'ಬಾ' ಅಂದಿದ್ದ. ಸಮತಾ ಬಂದಳು. ಅವನು ಹೇಳದಿದ್ದರೂ ಇನ್ನೊಂದು ಹೆಜ್ಜೆ ಇಟ್ಟಳು. ಮತ್ತೊಂದು.

"ಸಾಕು, ಸಾಕು... ಇನ್ನೂ ಹತ್ರ ಬಂದ್ರೆ ಇದಕ್ಕೆ ಫೋಕಸ್ ಆಗಲ್ಲ ಮಾರಾಯ್ತಿ!"

"ಆಗದಿದ್ರೆ ಬಿಡು, ಚಂದ್ರು," ಎಂದು ಅವಳು ನಿಲ್ಲದೆ ಬಂದಳು.