ಏಳು ಟ್ರ್ಯಾಕ್ಟರ್‌ಗಳ ಮುಂದಿನ ತೂಕ

2025ರ ಜುಲೈ 7, ಸೋಮವಾರ. ಬೆಳಿಗ್ಗೆ 9.20ಕ್ಕೆ ಶಂಶಾಬಾದ್ ಆಚೆಯ ಹೆದ್ದಾರಿ ಠಾಣೆಗೆ ದೂರು ಬಂತು. ತಂದವನು ಟ್ರ್ಯಾಕ್ಟರ್ ಶೋರೂಮಿನ ಮಾಲೀಕ ನಿಶಾಂತ. ಭಾನುವಾರ ರಜೆಯಿದ್ದಾಗ ಯಾರೋ ಒಳಹೊಕ್ಕು ಗೋಡೆಯ ದೊಡ್ಡ ಟಿವಿ ಒಡೆದಿದ್ದಾರೆ, ಇದು ಎದುರು ಕಂಪನಿಯವರದೇ ಕೆಲಸ ಎಂದು ತೆಲುಗಿನಲ್ಲಿ ಎರಡು ಪುಟ ಬರೆದುಕೊಂಡೇ ಬಂದಿದ್ದ. ತನಿಖೆಯನ್ನೂ ತಾನೇ ಮುಗಿಸಿದ್ದ, ಪೊಲೀಸರಿಗೆ ಉಳಿದದ್ದು ಸಹಿ ಮಾತ್ರ.

ಇನ್ಸ್‌ಪೆಕ್ಟರ್ ಕೌಸ್ತುಭ ಅತಿಕ್ರಮ ಪ್ರವೇಶ ಮತ್ತು ಆಸ್ತಿ ಹಾನಿ ಎಂದು ಎಫ್‌ಐಆರ್ ದಾಖಲಿಸಿದ. ಕಾಚಿಗೂಡದಲ್ಲಿ ಮೂರು ತಲೆಮಾರಿನಿಂದ ಸರ್ಕಾರಿ ನೌಕರಿ ಮಾಡಿಕೊಂಡು ಬಂದ ಕಲಬುರಗಿ ಮೂಲದ ಮನೆತನ ಅವನದು. ಟ್ರ್ಯಾಕ್ಟರ್ ಹೆದ್ದಾರಿಯಲ್ಲಿ ದಾರಿ ಬಿಡುವುದಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಅದಕ್ಕೇ ಹೆಡ್ ಕಾನ್‌ಸ್ಟೆಬಲ್ ಬಂಡೆಮ್ಮಳನ್ನು ಜೊತೆಗೆ ಕರೆದುಕೊಂಡ. ಆಕೆ ನಾರಾಯಣಪೇಟೆ ಕಡೆಯ ಒಕ್ಕಲು ಮನೆಯವಳು, ಮನೆಮಾತು ಕನ್ನಡ.

10.45ಕ್ಕೆ ಪಂಚನಾಮೆ ಆರಂಭವಾಯಿತು. ಸಾಕ್ಷಿಗೆ ಪಂಚರಾಗಿ ಸಿಕ್ಕವರು ಚಹಾ ಅಂಗಡಿಯವನು ಮತ್ತು ಪಂಕ್ಚರ್ ಅಂಗಡಿಯವನು. ಟಿವಿಗೆ ಸ್ಪ್ಯಾನರ್‌ನಿಂದ ಒಂದೇ ಏಟು ಬಿದ್ದಿತ್ತು. ಬೇರೆ ಏನನ್ನೂ ಯಾರೂ ಮುಟ್ಟಿದಂತಿರಲಿಲ್ಲ. ಇಷ್ಟು ಬರೆದು ಎದ್ದು ಹೋಗುವವನಿದ್ದ ಕೌಸ್ತುಭ. ಅಂಗಳದಲ್ಲಿ ಸಾಲಾಗಿ ನಿಂತಿದ್ದ ನಲವತ್ತೈದು ಎಚ್‌ಪಿಯ ಏಳು ಹೊಸ ಟ್ರ್ಯಾಕ್ಟರ್‌ಗಳ ಮುಂದೆ ಬಂಡೆಮ್ಮ ನಿಂತುಬಿಟ್ಟಳು.

"ಸರ್, ಎಲ್ಲಾ ಗಾಡಿಗೂ ಮುಂದಿನ ವೇಟ್ ಹಾಕ್ಯಾರ. ಶೋರೂಮಿನವರು ಕೇಳಿದ್ರೂ ಹಾಕೂದಿಲ್ಲ, ಬ್ಯಾರೆ ರೊಕ್ಕ ಕೊಟ್ಟು ತಗೋ ಅಂತಾರ."

ಹಿಂದೆ ರೋಟಾವೇಟರ್‌ನಂಥ ಭಾರ ಎತ್ತಿಕೊಂಡು ಏರಿ ಹತ್ತುವಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಏಳದಂತೆ ಮುಂದೆ ಕಬ್ಬಿಣದ ತೂಕಗಳನ್ನು ಸಿಕ್ಕಿಸುತ್ತಾರೆ. ಇಲ್ಲಿ ಒಂದೊಂದು ಗಾಡಿಗೆ ಆರರಂತೆ ನಲವತ್ತೆರಡು ತೂಕಗಳು, ಒಂದೊಂದೂ ಇಪ್ಪತ್ತು ಕಿಲೋ. ಅವು ಗೋದಾಮಿನಲ್ಲಿ ಇದ್ದವು ಎಂದು ನಿಶಾಂತ ತಡವರಿಸಿದ. ಅವು ಗಾಡಿಗಳಿಗೆ ಏರಿದ್ದನ್ನು ಅವನು ನೋಡಿಯೇ ಇರಲಿಲ್ಲ.

"ಕೆಡಸಾಕ ಬಂದಾಂವ ಇಷ್ಟು ದುಡೀತಾನೇನ್ರಿ ಸರ್?" ಎಂದಳು ಬಂಡೆಮ್ಮ.

ತೂಕಗಳ ನಡುವೆ ಕರಿಯ ರಬ್ಬರಿನ ಪಟ್ಟಿಗಳಿದ್ದವು. ಇದು ಹಳೆಯ ಸೈಕಲ್ ಟ್ಯೂಬು, ಕಬ್ಬಿಣ ಗಡಗಡ ಅನ್ನದಿರಲೆಂದು ಕತ್ತರಿಸಿ ಇಟ್ಟದ್ದು ಎಂದು ಪಂಕ್ಚರ್ ಅಂಗಡಿಯವನು ಹೇಳಿದ. ಶೋರೂಮಿನ ಮೆಕ್ಯಾನಿಕ್ ತಾವು ಹಾಗೆ ಮಾಡುವುದಿಲ್ಲ ಎಂದ. ಮೂವತ್ತೈದು ಪಟ್ಟಿಗಳನ್ನು ಬಿಚ್ಚಿಸಿ ಜಪ್ತಿ ಮಾಡಲಾಯಿತು.

11.50ಕ್ಕೆ ಕಾವಲುಗಾರನ ಹೇಳಿಕೆ. ಭಾನುವಾರ ಮಧ್ಯಾಹ್ನ ಒಬ್ಬ ರೈತ ಬಂದು ವೇಟ್ ಹಾಕುವುದಿದೆ ಎಂದಿದ್ದನಂತೆ. ಮುಖ ದಿನಾ ನೋಡಿದ್ದು ಅನಿಸಿತು, ಕಂಪನಿಯವನೇ ಇರಬೇಕೆಂದು ಬಿಟ್ಟನಂತೆ. ಎಲ್ಲಿ ನೋಡಿದ್ದು ಎಂದರೆ ತಲೆ ಕೆರೆದುಕೊಂಡ. ಬಂಡೆಮ್ಮ ಅವನ ಕುರ್ಚಿಯ ಮೇಲುಗಡೆ ತೂಗುತ್ತಿದ್ದ ಫ್ಲೆಕ್ಸಿನ ಕಡೆ ಬೆರಳು ಮಾಡಿದಳು. ಅಲ್ಲಿ ಗುಲಾಬಿ ರುಮಾಲಿನ ರೈತನೊಬ್ಬ ಟ್ರ್ಯಾಕ್ಟರ್ ಮೇಲೆ ಕೈಯಿಟ್ಟು ನಗುತ್ತಿದ್ದ. ಕೆಳಗೆ ಹೆಸರು: ಕಾಶಿನಾಥ. ಕಾವಲುಗಾರ ಒಂದು ವರ್ಷದಿಂದ ಅವನ ಕೆಳಗೇ ಕೂತು ಊಟ ಮಾಡಿದ್ದ.

ಒಡೆದ ಟಿವಿಯಲ್ಲಿ ದಿನವಿಡೀ ಓಡುತ್ತಿದ್ದ ವಿಡಿಯೋವನ್ನು ಕೌಸ್ತುಭ ಮೊಬೈಲಿನಲ್ಲಿ ನೋಡಿದ. ಕಾಶಿನಾಥ ತನ್ನ ಅನುಭವ ಹೇಳುತ್ತಿದ್ದ: ಡೀಸೆಲ್ ಕಡಿಮೆ ಕುಡಿಯುತ್ತದೆ, ರೋಟಾವೇಟರ್ ಹೂವಿನಂತೆ ಎತ್ತುತ್ತದೆ. ಅವನ ಬೆನ್ನ ಹಿಂದೆ ಅವನದೇ ಗಾಡಿಯ ಮೂತಿ ಕಾಣುತ್ತಿತ್ತು. ತೂಕಗಳ ನಡುವೆ ಟ್ಯೂಬಿನ ಪಟ್ಟಿಗಳಿದ್ದವು.

ಮಧ್ಯಾಹ್ನ 2.10ಕ್ಕೆ ಶಾಬಾದ್ ರಸ್ತೆಯ ಹಳ್ಳಿಯಲ್ಲಿ ಜೀಪು ನಿಂತಿತು. ಕಾಶಿನಾಥ ಗಾಡಿಗೆ ಗ್ರೀಸ್ ಹಾಕುತ್ತಿದ್ದ. ಅವನು ಓಡಲಿಲ್ಲ.

"ಟಿವಿ ಒಡದಾಂವ ನೀವೇನ್ರಿ?" ಕೌಸ್ತುಭ ಕೇಳಿದ.

"ಹೌದ್ರಿ ಸಾಹೇಬ್ರ."

"ವೇಟ್ ಯಾಕ ಹಾಕಿದ್ರಿ?"

"ಮಾಣಿಕಪ್ಪನ ಗಾಡಿಗೆ ಇರಲಿಲ್ರಿ."

ಕೌಸ್ತುಭನಿಗೆ ಹೆಸರು ನೆನಪಾಯಿತು. ಫೆಬ್ರವರಿ 12, ಕೆರೆ ಏರಿ, ಹಿಮ್ಮುಖವಾಗಿ ಮಗುಚಿದ ಟ್ರ್ಯಾಕ್ಟರ್, ಕೆಳಗೆ ಸಿಕ್ಕು ಸತ್ತ ರೈತ. ಚಾಲಕನ ಅಜಾಗರೂಕತೆ ಎಂದು ಬರೆದು ಆ ಕಡತ ಮುಚ್ಚಿದವನು ಅವನೇ.

ಉಳಿದದ್ದನ್ನು ಕಾಶಿನಾಥ ಕೇಳದೆಯೇ ಹೇಳಿದ. ಮಾಣಿಕಪ್ಪ ಅವನ ತಂಗಿ ಹಂಪಮ್ಮಳ ಗಂಡ. ಕಾಶಿನಾಥನ ಮನೆಯ ಮದುವೆಯೊಂದರಲ್ಲಿ ನೆಂಟರಿಗೆ ಬಟ್ಟೆ ಕೊಟ್ಟು ಆಯೇರಿ ಮಾಡುವಾಗ ತನ್ನನ್ನು ಮೊದಲು ಕರೆಯಲಿಲ್ಲ ಎಂದು ಮಾಣಿಕಪ್ಪ ಮುನಿಸಿಕೊಂಡಿದ್ದ. ಬಟ್ಟೆ ಅದೇ, ಕುಂಕುಮ ಅದೇ, ಸರದಿ ಮಾತ್ರ ಎರಡನೆಯದು. ಅಷ್ಟಕ್ಕೆ ಎರಡು ವರ್ಷ ಮಾತು ನಿಂತಿತು, ಕಾಶಿನಾಥನೂ ಬಾಗಲಿಲ್ಲ. ಟ್ರ್ಯಾಕ್ಟರ್ ಕೊಳ್ಳುವಾಗ ಮಾಣಿಕಪ್ಪ ಭಾವಮೈದುನನ ಮನೆಗೆ ಬಂದು ಕೇಳಲಿಲ್ಲ. ಶೋರೂಮಿನಲ್ಲಿ ಅವನ ವಿಡಿಯೋ ನೋಡಿದ. ನಿಮ್ಮಣ್ಣ ಮಾತು ಬಿಟ್ಟಿರಬಹುದು, ಸುಳ್ಳು ಹೇಳುವವನಲ್ಲ ಎಂದು ಹೆಂಡತಿಗೆ ಹೇಳಿ ಗಾಡಿ ತಂದ.

ಚಿತ್ರೀಕರಣದ ದಿನ ಕಾಶಿನಾಥ ಇನ್ನೊಂದು ಮಾತನ್ನೂ ಹೇಳಿದ್ದ. ಅದನ್ನು ಶೋರೂಮಿನವರು ಕತ್ತರಿಸಿದ್ದರು. ವಿಡಿಯೋವನ್ನು ಪೂರ್ತಿ ನೋಡದೆಯೇ ಅವನು ಒಪ್ಪಿಗೆಗೆ ಸಹಿ ಹಾಕಿದ್ದ.

"ಮಾಣಿಕಪ್ಪನ ದಿನದ ಕಾರ್ಯ ಮುಗದ ಮ್ಯಾಲ ತಂಗಿ ಕೇಳಿದಳ್ರಿ, ಅಣ್ಣಾ, ಗೊತ್ತಿದ್ದೂ ಯಾಕ ಹೇಳಲಿಲ್ಲ ಅಂತ. ಹೇಳೀನವ್ವಾ ಅಂದೆ. ಫೋನ್ ತಗದು ನನ್ನ ಮುಂದ ವಿಡಿಯೋ ಹಚ್ಚಿದಳು. ಅದರಾಗ ನಾ ಬರೇ ನಗಾಕತ್ತಿದ್ದೆ."

ಆ ಮಾತನ್ನು ಮರಳಿ ಸೇರಿಸಿ, ಇಲ್ಲವೇ ವಿಡಿಯೋ ತೆಗೆಯಿರಿ ಎಂದು ಮೂರು ಸಲ ಶೋರೂಮಿಗೆ ಹೋಗಿದ್ದ. ನಿಶಾಂತ ಮೂರು ಸಲವೂ ಸಹಿಯ ಕಾಗದ ತೋರಿಸಿದ. ನಾಲ್ಕನೆಯ ಸಲ ಕಾಶಿನಾಥ ಭಾನುವಾರ ಹೋದ.

3.05ಕ್ಕೆ ಬಂಧನ. ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಅವನು ಕೈ ಮುಗಿದ.

"ಇದನ್ನರ ಪೂರ್ತಿ ಬರಕೋರಿ ಸಾಹೇಬ್ರ. ಮುಂದ ವೇಟ್ ಇಲ್ಲದ ಏರಿ ಹತ್ತಬ್ಯಾಡ್ರಿ. ಮೂತಿ ಎತ್ತತೈತಿ, ಮೈಮ್ಯಾಲ ಬೀಳತೈತಿ."

ಕೌಸ್ತುಭ ಒಂದಕ್ಷರ ಬಿಡದೆ ಬರೆದು ಓದಿ ಹೇಳಿದ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಕಾಶಿನಾಥನಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವ ಧೈರ್ಯ ಕೌಸ್ತುಭನಿಗೆ ಬರಲಿಲ್ಲ. ಫೆಬ್ರವರಿಯ ಕಡತ ತರಿಸಿ ತನ್ನ ಸಹಿ ನೋಡಿದ, ಮರುತನಿಖೆಗೆ ಅನುಮತಿ ಕೋರಿ ಮೇಲಧಿಕಾರಿಗೆ ಪತ್ರ ಬರೆದ. ಉತ್ತರ ಇನ್ನೂ ಬಂದಿಲ್ಲ.

ಮರುದಿನ ಕಾಶಿನಾಥನಿಗೆ ಜಾಮೀನು ಸಿಕ್ಕಿತು. ತೂಕಗಳು ಜಪ್ತಿಯಲ್ಲಿರಲಿಲ್ಲವಾದ್ದರಿಂದ ನಿಶಾಂತ ಅವನ್ನು ಬಿಚ್ಚಿಸಿ ಗೋದಾಮಿಗೆ ಹಾಕಿಸಿದ. ಹೊಸ ಟಿವಿ ಬಂತು.

ಶನಿವಾರ ಬಂಡೆಮ್ಮ ಹೆದ್ದಾರಿಯಲ್ಲಿ ಒಂದು ಹೊಸ ಟ್ರ್ಯಾಕ್ಟರ್ ನಿಲ್ಲಿಸಿದಳು. ಚೆಂಡುಹೂವಿನ ಹಾರ, ನಿಂಬೆಹಣ್ಣು, ಹಿಂದೆ ಹೊಸ ರೋಟಾವೇಟರ್, ಮೂತಿ ಬರಿದು. ನಿಲ್ಲಿಸಲು ಅವಳ ಕೈಯಲ್ಲಿ ಯಾವ ಕಾನೂನೂ ಇರಲಿಲ್ಲ. ಆದರೂ ಕಾಶಿನಾಥನ ಮಾತನ್ನು ತೆಲುಗಿನಲ್ಲಿ ಪೂರ್ತಿ ಹೇಳಿದಳು. ರೈತ ವಿನಯದಿಂದ ಕೇಳಿಸಿಕೊಂಡ. ಆಮೇಲೆ, ವಿಡಿಯೋದಲ್ಲಿ ಆ ದೊಡ್ಡ ರೈತ ಹಾಗೇನೂ ಹೇಳಲಿಲ್ಲವಲ್ಲ ಅಮ್ಮಾ ಎಂದು ನಕ್ಕು ಗಾಡಿ ಬಿಟ್ಟ.