ಅಕ್ಕನ ಮೀಟಿಂಗ್

"ಮತ್ತೆ ಹೊಟ್ಟೆನೋವಾ? ನಿನ್ನೆ ಸಂಜೆ ಬೀದೀಲಿ ಕುಣಿದಾಡ್ತಿದ್ಯಲ್ಲೇ!" ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಕುಣಿದಿದ್ದಕ್ಕೇ ನೋವು," ಎಂದಳು ಪಿಟೀಲು, ಹೊದಿಕೆಯೊಳಗಿಂದಲೇ.

ಸದಾ ಏನಾದರೊಂದು ಪಿಟೀಲು ಕುಯ್ಯುತ್ತಾಳೆಂದು ಮನೆಯವರೇ ಇಟ್ಟ ಹೆಸರು ಅದು. ಹುಷಾರಿಲ್ಲದವರು ಮನೆಯಿಂದಲೇ ಕ್ಲಾಸಿಗೆ ಸೇರಬಹುದು ಎಂದು ಸ್ಕೂಲಿನವರು ಹೇಳಿದ್ದೇ ತಡ, ಅವಳಿಗೆ ವಾರವಿಡೀ ಹೊಟ್ಟೆನೋವು. ಕ್ಯಾಮೆರಾ ಆಫ್, ಮೈಕ್ ಆಫ್, ಕಾಲು ಚಾಚಿ ಚಿತ್ರ ಬಿಡಿಸುವುದು. ಆಹಾ, ಎಂಥ ಸುಖ!

ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಹಾಗಾಗಿ ಪಿಟೀಲು ಮನೆಯಲ್ಲಿದ್ದರೆ ಅಕ್ಕನೂ ಮನೆಯಲ್ಲೇ ಕೂತು ಕೆಲಸ ಮಾಡಬೇಕು. ಅಕ್ಕನಿಗೆ ಇದು ಮೊದಲ ಕೆಲಸ.

"ನಾನು ಆಫೀಸಲ್ಲಿ ಮುಖ ತೋರಿಸ್ಬೇಕು ಕಣೇ," ಅಕ್ಕ ಗೋಗರೆದಳು. "ಟ್ರೈನಿಂಗ್ ಮುಗೀತಾ ಬಂತು. ಯಾರನ್ನ ಉಳಿಸ್ಕೋಬೇಕು ಅಂತ ಈಗ್ಲೇ ನೋಡೋದು."

"ಲ್ಯಾಪ್‌ಟಾಪಲ್ಲೇ ತೋರ್ಸು!"

ಅಕ್ಕ ಆಫೀಸಿನ ಬ್ಯಾಗಿನಿಂದ ಲ್ಯಾಪ್‌ಟಾಪ್ ಹೊರಗೆ ತೆಗೆದಳು.

ಮುಂದಿನ ವಾರವೂ ಹೊಟ್ಟೆನೋವು ಮುಗಿಯಲಿಲ್ಲ. ಒಂದು ದಿನ ಅಮ್ಮನಿಗೆ ರಜೆಯಿತ್ತು. ಅಮ್ಮ ಅಡುಗೆಮನೆಯಲ್ಲಿದ್ದಳು. ಬೆಳಗ್ಗೆಯೇ ಮೀಟಿಂಗ್ ಇದೆಯೆಂದು ಅಕ್ಕ ಅಂದೂ ಆಫೀಸಿಗೆ ಹೋಗಿರಲಿಲ್ಲ. ರೂಮಿನಲ್ಲಿ ಅಕ್ಕ ಹೆಡ್‌ಫೋನ್ ಹಾಕಿಕೊಂಡು, "ಆಯ್ತು ಸರ್, ಸಂಜೆಯೊಳಗೆ ಕಳಿಸ್ತೀನಿ," ಎಂದು ಜೋರಾಗಿ ಹೇಳುತ್ತಿದ್ದಳು. ಉರುಳಿಹೋದ ರಬ್ಬರ್ ಹುಡುಕುತ್ತ ಪಿಟೀಲು ಅವಳ ಬೆನ್ನ ಹಿಂದೆ ಹೋದಳು.

ಸ್ಕ್ರೀನಿನಲ್ಲಿ ಒಂದೇ ಮುಖವಿತ್ತು. ಅದು ಅಕ್ಕನದೇ. ಸರ್ ಇರಲಿಲ್ಲ, ಯಾರೂ ಇರಲಿಲ್ಲ.

"ಅಕ್ಕಾ, ಯಾರ ಹತ್ರ ಮಾತಾಡ್ತಿದ್ದೀಯ?"

ಅಕ್ಕ ತಟ್ಟನೆ ಅವಳ ಬಾಯಿ ಮುಚ್ಚಿದಳು.

"ಕೆಲಸ ಹೋಯ್ತು," ಎಂದು ಪಿಸುಗುಟ್ಟಿದಳು. "ಸೋಮವಾರಾನೇ. ಆಫೀಸಿಗೆ ಬರ್ತಿದ್ದೋರನ್ನ ಉಳಿಸ್ಕೊಂಡ್ರು. ನನ್ನ ಹೆಸರು ಬಂದಾಗ, ಅದ್ಯಾರು ಅಂದ್ರಂತೆ. ಬೇರೆ ಸಿಗೋವರೆಗೆ ಅಮ್ಮನಿಗೆ ಹೇಳ್ಬೇಡ ಕಣೇ."

'ನನ್ನಿಂದಾನಾ?' ಎಂದು ಕೇಳಬೇಕೆನಿಸಿತು ಪಿಟೀಲಿಗೆ. ಅಕ್ಕ ಹೌದು ಎಂದುಬಿಟ್ಟರೆ? ಭಯವಾಗಿ ಮತ್ತೆ ರಬ್ಬರ್ ಹುಡುಕಲು ಬಗ್ಗಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತ, "ಅಮ್ಮಾ, ನಾಳೆಯಿಂದ ಸ್ಕೂಲಿಗೇ ಹೋಗ್ತೀನಿ," ಎಂದಳು.

"ಅಯ್ಯೋ ನನ್ನ ಬಂಗಾರ!" ಅಮ್ಮನ ಮುಖ ಅರಳಿತು. "ಅಂತೂ ಬುದ್ಧಿ ಬಂತು! ನೋಡೇ ದೊಡ್ಡೋಳೇ, ಇನ್ನು ನೀನೂ ದಿನಾ ಆಫೀಸಿಗೆ ಹೋಗ್ಬಹುದು. ಇಬ್ರಿಗೂ ಡಬ್ಬಿ ಕಟ್ತೀನಿ."

"ಹೂಂ ಅಮ್ಮ," ಎಂದಳು ಅಕ್ಕ.

ಮರುದಿನ ಇಬ್ಬರೂ ಡಬ್ಬಿ ಹಿಡಿದು ಹೊರಟರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ಕೈಬೀಸಿದಳು.

ಸ್ಕೂಲ್ ಗೇಟಿನ ಹತ್ತಿರ ಪಿಟೀಲು ಮೆಲ್ಲಗೆ ಕೇಳಿದಳು: "ಸಂಜೆವರೆಗೂ ಎಲ್ಲಿರ್ತೀಯ?"

"ಎಲ್ಲಾದ್ರೂ. ನೀನು ಒಳಗೆ ಹೋಗು, ಲೇಟಾಯ್ತು."

ಕ್ಲಾಸಿನ ಕಿಟಕಿಯಿಂದ ಎದುರಿನ ಬಸ್ ಸ್ಟಾಪ್ ಕಾಣುತ್ತಿತ್ತು. ಅಕ್ಕ ಅಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದು ಬಸ್ ಬಂದು ಹೋಯಿತು. ಇನ್ನೊಂದೂ ಹೋಯಿತು. ಅಕ್ಕ ಏಳಲಿಲ್ಲ.

ಮಿಸ್ ಹಾಜರಿ ಕರೆದರು. "ಯೆಸ್ ಮಿಸ್," ಎನ್ನುತ್ತ ಪಿಟೀಲು ಎದ್ದು ನಿಂತಳು. ನಿಂತಾಗ ಅಕ್ಕ ಇನ್ನೂ ಚೆನ್ನಾಗಿ ಕಾಣುತ್ತಿದ್ದಳು.