ಮೇಣ ಸವರದ ರಾಡು

ಅಲ್ಯೂಮಿನಿಯಂ ರಾಡನ್ನು ಒಣ ಬಟ್ಟೆಯಿಂದ ಉದ್ದಕ್ಕೂ ಒರೆಸಿ, ಮೇಣ ಹಚ್ಚಿದವಳ ಹಾಗೆ ಬೆರಳು ತಿಕ್ಕಿಕೊಂಡು, ಅವಳು ಅದನ್ನು ಅವನ ಕೈಗಿಟ್ಟಳು. ಮೇಣದ ಡಬ್ಬಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಮುಚ್ಚಳ ತೆರೆಯದೆ ತಣ್ಣಗೆ ಕೂತಿತ್ತು, ಅವಳ ಸಿಟ್ಟಿನ ಹಾಗೆ.

"ಎರಡು ಸಲ ಹಚ್ಚಿದ್ಯಾ, ಕತ್ತರಿ?" ಟೈಲರಾದ ಅವಳನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

"ಹಚ್ಚಿದೀನಿ. ನೀವು ಸುತ್ತಿ."

ಈ 'ನೀವು' ಹದಿನೈದು ದಿನದಿಂದ ಬಂದದ್ದು.

ಮೂರು ತಿಂಗಳ ಹಿಂದೆ, ಬೀದಿಯವರೆಲ್ಲ ಅವನ ಕೈಯ ಸ್ಪ್ಯಾನರಿನ ಹೆಸರಲ್ಲೇ ಪಾನಾ ಎಂದು ಕರೆಯುವ ಈ ಕಾರ್ ಮೆಕ್ಯಾನಿಕ್ ಕಪ್ಪನೆಯ ಕಾರ್ಬನ್ ನಾರಿನ ಬಟ್ಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಅವಳ ಟೈಲರಿಂಗ್ ಕೋಣೆಗೆ ಬಂದಿದ್ದ. ಅವನ ಕತ್ತರಿಗೆ ಸಿಕ್ಕಿ ಅದು ಕಾಗೆಗೂಡಾಗಿತ್ತು. ರೇಸ್ ಕಾರುಗಳಿಗೆ ಟೊಳ್ಳು ಕೊಳವೆ ಮಾಡಬೇಕು, ಮನೆಯಲ್ಲೇ ಮಾಡಬಹುದು ಎಂದ. ಅಂಟಿನಲ್ಲಿ ನೆನೆದ ಬಟ್ಟೆಯನ್ನು ರಾಡಿಗೆ ಬಿಗಿಯಾಗಿ ಸುತ್ತುವುದು, ಗಟ್ಟಿಯಾದ ಮೇಲೆ ರಾಡನ್ನು ಎಳೆದುಬಿಡುವುದು. ಹುಲ್ಲುಕಡ್ಡಿಯಷ್ಟು ಹಗುರ, ಕಬ್ಬಿಣದಷ್ಟು ಗಟ್ಟಿ. ಆದರೆ ಅವನು ಮಾಡಿದ್ದು ತಿರುಚಿದರೆ ಸೀಳುತ್ತಿತ್ತು.

ಅವಳು ನಕ್ಕು, ಬಟ್ಟೆಯನ್ನು ನೇರ ಕತ್ತರಿಸಿದರೆ ಇನ್ನೇನಾಗುತ್ತೆ, ಕುತ್ತಿಗೆಪಟ್ಟಿಗೆ ಕತ್ತರಿಸುವ ಹಾಗೆ ಓರೆಯಾಗಿ ಕತ್ತರಿಸು ಎಂದಿದ್ದಳು. ಹಾಗೆ ಕತ್ತರಿಸಿ ಸುತ್ತಿದ ಕೊಳವೆ ಎಷ್ಟು ತಿರುಚಿದರೂ ಜಪ್ಪೆನ್ನಲಿಲ್ಲ. ಆ ಖುಷಿಯಲ್ಲಿ ಅವನು ಅವಳ ಕೈ ಹಿಡಿದ. ಅಂಟು ಮೆತ್ತಿದ ಎರಡು ಗ್ಲೌಸುಗಳು ಒಂದಕ್ಕೊಂದು ಕಚ್ಚಿಕೊಂಡವು.

"ಬಿಡು ಮಾರಾಯ."

"ನಾನು ಯಾವಾಗ್ಲೋ ಬಿಟ್ಟೆ. ಅಂಟು ಬಿಡ್ತಿಲ್ಲ," ಎಂದಿದ್ದ, ಕಣ್ಣಲ್ಲೇ ನಗುತ್ತ.

ಆಮೇಲೆ ಒಂದು ದಿನ ರೇಸ್ ಕಾರುಗಳ ಯಜಮಾನಿ ಅವನ ಶೆಡ್ಡಿಗೆ ಬಂದರು. ಕತ್ತರಿಸಿದ ಬಟ್ಟೆ ಹಿಡಿದು ಬಾಗಿಲಿಗೆ ಬಂದ ಇವಳ ಕಿವಿಗೆ ಮಾತು ಬಿತ್ತು. ಓರೆ ಕತ್ತರಿಸುವ ಯೋಚನೆ ಯಾರದು ಎಂದು ಅವರು ಕೇಳಿದರು. ನಂದೇ ಎಂದ. ಮತ್ತೆ ಆ ಟೈಲರ್ ಹುಡುಗಿ?

"ಅವಳು ಬಟ್ಟೆ ಕತ್ತರಿಸಿ ಕೊಡ್ತಾಳೆ, ಅಷ್ಟೆ."

ಆ 'ಅಷ್ಟೆ' ಬೆರಳಲ್ಲಿ ಮುರಿದುಕೊಂಡ ಸೂಜಿಮೊನೆಯ ಹಾಗೆ ಒಳಗೇ ಉಳಿಯಿತು. ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಕಾದಳು. ಸುತ್ತುವಾಗ ಒಳಗೊಂದು ಗಾಳಿಗುಳ್ಳೆ ಬಿಟ್ಟರೆ ಸಾಕಿತ್ತು, ಕೊಳವೆ ಓಟದ ಮಧ್ಯೆ ಮುರಿಯುತ್ತಿತ್ತು. ಆದರೆ ಅದರ ಪೆಟ್ಟು ಕಾರು ಓಡಿಸುವವರಿಗೆ ಬೀಳುತ್ತದೆ, ಅವಳ ಹಗೆ ಇದ್ದದ್ದು ಒಬ್ಬನ ಮೇಲೆ ಮಾತ್ರ. ಯಜಮಾನಿ ಆರ್ಡರ್ ಕೊಡುವ ಮುಂಚೆ ರಾಡಿನಿಂದ ಕೊಳವೆ ಹೊರಬರುವುದನ್ನು ಕಣ್ಣಾರೆ ನೋಡಬೇಕು ಎಂದಾಗ ದಾರಿ ತಾನಾಗಿ ತೆರೆಯಿತು. ಮೇಣ ಇಲ್ಲದ ರಾಡನ್ನು ಅಂಟು ಬಿಡುವುದಿಲ್ಲ.

ಈಗ ಅವನು ಮೊದಲ ಸುತ್ತು ಹಾಕುತ್ತ ಒಮ್ಮೆ ನಿಂತ. ರಾಡಿನ ಮೇಲೆ ಬೆರಳಿಟ್ಟು ಅವಳ ಕಡೆ ನೋಡಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವನು ಮತ್ತೆ ಸುತ್ತತೊಡಗಿದ.

ಮರುದಿನ ಮಧ್ಯಾಹ್ನ ಯಜಮಾನಿ ಟೈಲರಿಂಗ್ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತರು. ಲೋಹ ಕುಗ್ಗಲಿ ಎಂದು ಅವನು ರಾಡನ್ನು ಐಸ್ ನೀರಲ್ಲಿಟ್ಟ, ಎಳೆದ, ಕಾಲು ಕೊಟ್ಟು ಎಳೆದ. ಕೊಳವೆ ಅಲುಗಲಿಲ್ಲ. ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವಳ ಚಿಕ್ಕಮ್ಮ ತಲೆಯೆತ್ತದೆ ಅಂದರು, "ಮೂರು ತಿಂಗಳಿಂದ ಇವನ ಬಾಯಿಂದ ಹೇಳಬೇಕಾದ ಒಂದು ಮಾತು ಹೊರಗೆ ಬಂದಿಲ್ಲ. ಇನ್ನು ಇದು ಬರುತ್ತಾ?"

ಮೇಣ ಹಚ್ಚಿದವರು ಯಾರು ಎಂದು ಯಜಮಾನಿ ಕೇಳಿದರು. ಹದಿನೈದು ದಿನ ನಾಲಿಗೆಯ ಕೆಳಗೆ ಮಸೆದಿಟ್ಟಿದ್ದ ಮಾತನ್ನು ಅವಳು ಮೆಲ್ಲಗೆ ಆಡಿದಳು.

"ನನ್ನನ್ನ ಕೇಳಬೇಡಿ ಮೇಡಂ. ನಾನು ಬಟ್ಟೆ ಕತ್ತರಿಸಿ ಕೊಡೋಳು, ಅಷ್ಟೆ."

ಅವನ ಮುಖದ ಬಣ್ಣ ಇಳಿಯಿತು. ಈಗ ನನ್ನತ್ತ ಬೆರಳು ತೋರಿಸುತ್ತಾನೆ, ತೋರಿಸಲಿ ಎಂದುಕೊಂಡಳು.

"ತಪ್ಪು ನಂದು ಮೇಡಂ," ಅಂದ ಅವನು. "ಓರೆ ಕತ್ತರಿಸೋ ಯೋಚನೆ ನಂದಲ್ಲ, ಇವಳದು. ಅವತ್ತು ಸುಳ್ಳು ಹೇಳಿದ್ದೆ."

ಅವಳು ಬಟ್ಟೆಗಂಟಿನ ಹಿಂದಿನಿಂದ ಇನ್ನೊಂದು ಕೊಳವೆ ತೆಗೆದಳು. ಹಿಂದಿನ ವಾರ ಇದೇ ರಾಡಿಗೆ ಮೇಣ ಹಚ್ಚಿ ತಾನೊಬ್ಬಳೇ ಮಾಡಿದ್ದು. ಯಜಮಾನಿ ಎರಡೂ ಕೈಯಲ್ಲಿ ತಿರುಚಿ ನೋಡಿ, ಆರು ಕಾರಿನ ಕೆಲಸವನ್ನು ಅವಳ ಹೆಸರಿಗೇ ಕೊಟ್ಟು ಹೋದರು.

ಗೆದ್ದಿದ್ದಳು. ಆದರೂ ಬಿಡದ ರಾಡನ್ನು ಎದೆಗಾನಿಸಿಕೊಂಡು ನಿಂತ ಅವನನ್ನು ನೋಡಲಾಗಲಿಲ್ಲ.

"ಮೇಣ ಇಲ್ಲ ಅಂತ ನಿನ್ನೆಯೇ ಗೊತ್ತಾಯ್ತು," ಅಂದ. "ಬೆರಳು ಜಾರಲಿಲ್ಲ."

"ಮತ್ಯಾಕೆ ಸುತ್ತಿದೆ?"

"ಅವತ್ತಿನ ಸುಳ್ಳಿಗೆ ನೀನು ಬೈಯಲೂ ಇಲ್ವಲ್ಲ. ಈ ಶಿಕ್ಷೆಯಾದ್ರೂ ಸಿಗಲಿ ಅಂತ." ರಾಡನ್ನು ಕೆಳಗಿಟ್ಟು ಹೇಳಿದ, "ಅವತ್ತು ನಿಜ ಹೇಳಿ, ಮೇಡಂ ಕೆಲಸ ನಿನಗೇ ಕೊಟ್ಟುಬಿಟ್ರೆ ನಾನು ಈ ಮನೆಗೆ ಬರೋಕೆ ಏನು ನೆಪ ಹುಡುಕಲಿ ಅಂತ ಹೆದರಿದ್ದೆ. ನೀನಿಲ್ಲದೆ ನನಗಾಗಲ್ಲ, ಕತ್ತರಿ."

ಚಿಕ್ಕಮ್ಮ ಗುಂಡಿಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಅವಳು ಡ್ರಾಯರಿನಿಂದ ಮರಳುಕಾಗದ ತೆಗೆದು ಅವನ ಮುಂದಿಟ್ಟಳು. "ಕ್ಷಮಿಸಿದೀನಿ ಅಂದ್ಕೋಬೇಡ. ನನ್ನ ಹತ್ರ ಇರೋದು ಅದೊಂದೇ ರಾಡು. ಕೊಳವೇನ ನೀರು ಹಾಕ್ಕೊಂಡು ಪದರ ಪದರ ಉಜ್ಜಿ ತೆಗಿ. ಇಲ್ಲೇ, ನನ್ನ ಕಣ್ಣೆದುರಿಗೆ."

ಅವನು ದಿನಾ ಮಧ್ಯಾಹ್ನ ಬಂದು ಉಜ್ಜಿದ. ನಾಲ್ಕನೆಯ ದಿನಕ್ಕೆ ಗೇಣುದ್ದವೂ ಮುಗಿದಿರಲಿಲ್ಲ. ಅವಳೂ ಅವಸರ ಮಾಡಲಿಲ್ಲ. ಎರಡನೆಯ ದಿನವೇ ಹೊಸ ರಾಡು ತಂದು, ದಿನಾ ಬೆಳಿಗ್ಗೆ ಅವನು ಬರುವ ಮುಂಚೆ ಅದಕ್ಕೆ ಎರಡು ಸಲ ಮೇಣ ಹಚ್ಚಿ, ಸುತ್ತಿ, ಬಟ್ಟೆಗಂಟಿನ ಹಿಂದೆ ಮುಚ್ಚಿಡುತ್ತಿದ್ದಳು. ಹಳೆಯದು ಇನ್ನು ಬೇಕಾಗಿಲ್ಲ ಎಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.